ಒತ್ತಕ್ಷರವೋ ಅರ್ಕಾವತ್ತೋ

ಹಳೆಯ ಕಾಗದದ ಮೇಲಿನ ವಿಳಾಸ ಓದುವುದು ಕಣ್ಣಿನ ಕೆಲಸ ಎಂದು ನಾವು ತಿಳಿದಿರುತ್ತೇವೆ. ಒಳ್ಳೆಯ ಬೆಳಕು, ಫೋನಿನಲ್ಲಿ ತೆಗೆದ ದೊಡ್ಡ ಫೋಟೋ, ಸ್ವಲ್ಪ ತಾಳ್ಮೆ ಇದ್ದರೆ ಸಾಕು ಅನ್ನಿಸುತ್ತದೆ. ಕನ್ನಡ ಕೈಬರಹದ ತೊಡಕುಗಳೂ ಗೊತ್ತಿರುವಂಥವೇ. ಅವಸರದ ಬರಹದಲ್ಲಿ ಪ ಯಾವುದು, ವ ಯಾವುದು ತಿಳಿಯುವುದಿಲ್ಲ. ದ ಮತ್ತು ಧ ನಡುವೆ ಇರುವುದು ಒಂದು ಸಣ್ಣ ಸೀಳು. ಸೊನ್ನೆಗೂ ಅನುಸ್ವಾರಕ್ಕೂ ಒಂದೇ ರೂಪ, ಒಂಬತ್ತಕ್ಕೂ ಅರ್ಕಾವತ್ತಿಗೂ ಒಂದೇ ರೂಪ. ಪಿನ್ ಕೋಡ್ ಬಂದದ್ದು 1972ರಲ್ಲಿ. ಅದಕ್ಕೂ ಹಿಂದಿನ ವಿಳಾಸದಲ್ಲಿ ಒಂದು ಪದ ಅಳಿಸಿಹೋದರೆ ಹಿಡಿದುಕೊಳ್ಳಲು ಬೇರೆ ಆಸರೆಯೂ ಇಲ್ಲ.

ಆದರೆ ಕೆಲವು ಅಕ್ಷರಗಳು ಕಣ್ಣಿಗಿಂತ ಹೆಚ್ಚಾಗಿ ಮನಸ್ಸಿಗೆ ಕಷ್ಟ ಕೊಡುತ್ತವೆ. ನಾವು ಏನನ್ನು ಓದಲು ಬಯಸುತ್ತೇವೋ ಅದೇ ಕಾಣತೊಡಗುತ್ತದೆ.

ನಮ್ಮ ಮನೆತನದ ವಂಶವೃಕ್ಷ ಬರೆಯುವ ಕೆಲಸ ಎರಡು ವರ್ಷದಿಂದ ನಡೆದಿದೆ. ಮೂಲ ಗದಗ ಕಡೆಯ ಹಳ್ಳಿ. ಈಗ ಪುಣೆ, ಮುಂಬಯಿ, ಹೈದರಾಬಾದ್ ಎಂದು ಚದುರಿದ್ದೇವೆ. ಹಳ್ಳಿಯ ಮನೆಯಲ್ಲಿ ಬಂದ ಕಾಗದಗಳನ್ನೆಲ್ಲ ಕೊಕ್ಕೆಯ ತಂತಿಗೆ ಚುಚ್ಚಿ ಇಡುತ್ತಿದ್ದರು. ಅದರಲ್ಲಿ ಸಿಕ್ಕ ಒಂದು ಕಾರ್ಡಿನ ಮೇಲೆ ಆರನೇ ಜಾರ್ಜ್ ದೊರೆಯ ಮುಖವಿದೆ. ಅಂದರೆ ಅವನು ಪಟ್ಟಕ್ಕೆ ಬಂದ 1936ರ ನಂತರದ್ದು. ಕಾರ್ಡು ಹುಬ್ಬಳ್ಳಿಯಿಂದ ಮುತ್ತಜ್ಜ ಕಳಿಸಿದ್ದು. ಮೇಲಿನ ಮೂಲೆಯಲ್ಲಿ ಅವರ ವಿಳಾಸವಿದೆ. ತಂತಿಯ ತೂತು ಸರಿಯಾಗಿ ಅಲ್ಲಿಯೇ ಬಿದ್ದು, ಸುತ್ತ ತುಕ್ಕು ಹರಡಿದೆ. ಉಳಿದಿರುವುದು ಒಂದು 'ಟ', ಅದರ ಬಲಕ್ಕೆ ಒಂದು ಸಣ್ಣ ಸುರುಳಿ, ಆಮೇಲೆ 'ಮೆಂಟ, ಹುಬ್ಬಳ್ಳಿ'.

ಆ ಸುರುಳಿ ಅರ್ಕಾವತ್ತಾದರೆ ಪದ 'ಡಿಪಾರ್ಟಮೆಂಟ'. ಲಕಾರದ ಒತ್ತಾದರೆ 'ಸೆಟ್ಲಮೆಂಟ'.

ಮನೆಯಲ್ಲಿ ಎಲ್ಲರೂ ಕೇಳಿಕೊಂಡು ಬಂದ ಮಾತು, ಮುತ್ತಜ್ಜ ರೇಲ್ವೆಯಲ್ಲಿದ್ದರು ಎಂಬುದು. ಹುಬ್ಬಳ್ಳಿಯ ರೇಲ್ವೆ ಕಾರ್ಯಾಗಾರ 1885ರಷ್ಟು ಹಳೆಯದು, ಹಾಗಾಗಿ ನಂಬುವಂಥ ಮಾತೇ. ಸೆಟ್ಲಮೆಂಟ್ ಅಂದರೆ ಏನೆಂದು ಹುಬ್ಬಳ್ಳಿ, ಗದಗ, ಸೊಲ್ಲಾಪುರದ ಕಡೆಯ ಓದುಗರಿಗೆ ಹೇಳಬೇಕಿಲ್ಲ. ಆ ಹೆಸರಿನ ಬಡಾವಣೆಗಳು ಇವತ್ತಿಗೂ ಇವೆ. ಬ್ರಿಟಿಷರು 1871ರಲ್ಲಿ ತಂದ ಕಾಯ್ದೆಯೊಂದು ಕೆಲವು ಜಾತಿಗಳನ್ನೇ 'ಕ್ರಿಮಿನಲ್ ಟ್ರೈಬ್ಸ್' ಎಂದು ಪಟ್ಟಿ ಮಾಡಿತು. 1911ರ ಹೊತ್ತಿಗೆ ಅದು ದೇಶವಿಡೀ ಹರಡಿತು. ಕಳವು ಮಾಡಿರಬೇಕೆಂದಿಲ್ಲ, ಆ ಜಾತಿಯಲ್ಲಿ ಹುಟ್ಟಿದ್ದರೆ ಸಾಕು. ಹೆಸರು ನೋಂದಣಿ, ಬೆರಳಚ್ಚು, ದಿನದ ಹಾಜರಿ, ಹೊರಗೆ ಹೋಗಲು ಪಾಸು. ಹೀಗೆ ಹಿಡಿದಿಟ್ಟವರನ್ನು ಇರಿಸಿದ ಜಾಗವೇ ಸೆಟ್ಲಮೆಂಟ್. ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ಆ ಪಟ್ಟಿಯಲ್ಲಿ ನಮ್ಮ ಜಾತಿಯ ಹೆಸರೂ ಇತ್ತು. ಮನೆಯಲ್ಲಿ ಇದು ದೊಡ್ಡವರಿಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ. ರೇಲ್ವೆಯ ಕತೆ ಅದಕ್ಕೊಂದು ಉತ್ತರವಾಗಿತ್ತು: ಬೇರೆಯವರು ಬೇಲಿಯೊಳಗಿದ್ದರು, ನಮ್ಮವರು ನೌಕರಿಯಲ್ಲಿದ್ದರು.

ಕಾಕಾ ಫೋಟೋ ನೋಡಿದ ಕೂಡಲೇ ಫೋನ್ ಮಾಡಿ, "ರೇಲ್ವೆ ಡಿಪಾರ್ಟಮೆಂಟ್ ಅದು. ಮತ್ತೇನಿರತೈತಿ?" ಅಂದರು.

ಅದೇ ಕೈಬರಹದ ಇನ್ನೂ ಮೂರು ಕಾರ್ಡುಗಳಿವೆ. ಕೈ ಮುತ್ತಜ್ಜನದಲ್ಲ, ಅವರಿಗೆ ಅಕ್ಷರ ಬರುತ್ತಿರಲಿಲ್ಲ, ಯಾರೋ ಬರೆದುಕೊಟ್ಟದ್ದು. ಆ ಮೂರರಲ್ಲಿ 'ಆಶೀರ್ವಾದ' ಎಂದಿರುವಲ್ಲೆಲ್ಲ ಅರ್ಕಾವತ್ತು ಅಕ್ಷರದಿಂದ ದೂರ ಸರಿದು ಸಾಲಿನ ಮೇಲೆಯೇ ನಿಂತಿದೆ. 'ಇಲ್ಲ', 'ಎಲ್ಲಾರೂ' ಎಂದಿರುವಲ್ಲಿ ಲಕಾರದ ಒತ್ತು ಸಾಲಿನ ಕೆಳಗೆ ಇಳಿದು ಬಾಲವನ್ನು ಬಲಕ್ಕೆ ತಿರುಗಿಸಿದೆ. ತಕರಾರಿನ ಸುರುಳಿ ಸಾಲಿನ ಕೆಳಗಿದೆ, ಬಾಲ ಬಲಕ್ಕಿದೆ.

ಇದನ್ನು ಹೇಳಿದಾಗ ಕಾಕಾ ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ತಮ್ಮಾ, ನೀವು ಪುಣ್ಯಾದಾಗ ಕುಂತು ಬರೀತೀರಿ. ಊರಾಗ ಇರೋರು ನಾವು. ಇವತ್ತಿಗೂ ಊರಾಗ ಏನರ ಕಳುವಾದ್ರ ಮೊದಲು ನಮ್ಮ ಓಣಿಗೇ ಬರತಾರ."

ಈ ಮಾತಿಗೆ ಸುಲಭದ ಉತ್ತರವಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಫ್ಲಾಟ್ ನಂಬರಿನಿಂದ ಗುರುತಿಸಲ್ಪಡುವ ನನಗೆ ಸತ್ಯ ಅಗ್ಗವಾಗಿ ಸಿಗುತ್ತದೆ. ಅದರ ಬೆಲೆ ತೆರುವವರು ಊರಿನಲ್ಲಿದ್ದಾರೆ. ಇನ್ನೊಬ್ಬರ ಖರ್ಚಿನಲ್ಲಿ ಸತ್ಯವಂತನಾಗುವ ಹಕ್ಕು ನನಗಿದೆಯೇ?

ಬಹಳ ದಿನ ಯೋಚಿಸಿದ ಮೇಲೆ ನನಗೆ ಅನ್ನಿಸಿದ್ದು, ಇಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ, ಅವನ್ನು ಒಂದು ಮಾಡಬಾರದು. ಒಂದು, ಸುಮ್ಮನಿರುವುದು. ಎರಡು, 'ಓದಲಾಗದು' ಎಂದು ಬರೆಯುವುದು. ಮೂರು, 'ಡಿಪಾರ್ಟಮೆಂಟ್' ಎಂದು ಬರೆಯುವುದು. ಮೊದಲನೆಯದು ತಪ್ಪಲ್ಲ. ವಂಶವೃಕ್ಷವನ್ನು ಊರೆಲ್ಲ ಹಂಚಬೇಕು ಎಂಬ ನಿಯಮವಿಲ್ಲ. ಯಾವಾಗ, ಯಾರಿಗೆ ಹೇಳಬೇಕು ಎಂಬ ತೀರ್ಮಾನ ಬೆಲೆ ತೆರುವವರದ್ದೇ ಆಗಬೇಕು. ಇಲ್ಲಿ ನಾನು ಹಳ್ಳಿಯ ಹೆಸರನ್ನಾಗಲಿ ಜಾತಿಯ ಹೆಸರನ್ನಾಗಲಿ ಬರೆಯದಿರುವುದು ಅದಕ್ಕೇ. ಕಾಕಾರನ್ನು ಕೇಳಿಯೇ ಇಷ್ಟನ್ನು ಬರೆಯುತ್ತಿದ್ದೇನೆ.

ಎರಡನೆಯದು ಪ್ರಾಮಾಣಿಕವಾಗಿ ಕಾಣುತ್ತದೆ, ಆದರೆ ಓದಲು ಬಂದ ಮೇಲೆ ಅದೂ ಸುಳ್ಳೇ. ಮೂರನೆಯದು ನೇರ ಸುಳ್ಳು, ಮತ್ತು ಬೆಳೆಯುವ ಸುಳ್ಳು. ನನ್ನ ಕಸುಬಿನಲ್ಲಿ ಇದನ್ನು ದಿನಾ ನೋಡುತ್ತೇನೆ. ಖಾಲಿ ಬಿಟ್ಟ ಕಾಲಂ ಮುಂದೆ ಯಾರಾದರೂ ತುಂಬಿಯಾರು. ಊಹೆಯಿಂದ ತುಂಬಿದ್ದನ್ನು ಯಾರೂ ಮುಟ್ಟುವುದಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ಜೂನ್ 1ರ ಹುಟ್ಟಿದ ದಿನ ನಮ್ಮ ಕಡೆ ಎಷ್ಟು ಜನರಿಗಿದೆ! ಈಗ ಅದೇ ನಿಜ: ಬ್ಯಾಂಕಿಗೆ, ಪಾಸ್‌ಪೋರ್ಟಿಗೆ, ನಿವೃತ್ತಿಗೆ. ಇನ್ನು ಮೂವತ್ತು ವರ್ಷಕ್ಕೆ ನಮ್ಮ ಮೊಮ್ಮಕ್ಕಳಿಗೆ 'ರೇಲ್ವೆ ಡಿಪಾರ್ಟಮೆಂಟ್' ಕೂಡ ಹಾಗೆಯೇ ನಿಜವಾಗುತ್ತದೆ.

ಅದರಿಂದ ಯಾರಿಗೆ ನಷ್ಟ? ಬೇಲಿ ಹಾಕಿದವರಿಗಂತೂ ಅಲ್ಲ. ಪ್ರತಿ ಮನೆಯೂ ತನ್ನ ಒತ್ತಕ್ಷರವನ್ನು ಅರ್ಕಾವತ್ತು ಎಂದು ಓದಿಕೊಂಡರೆ, ಆ ಕಾಯ್ದೆಯೊಳಗೆ ಬದುಕಿದವರು ಯಾರೂ ಇರಲೇ ಇಲ್ಲ ಎಂದಾಗುತ್ತದೆ. ನಾಚಿಕೆ ಪಡಬೇಕಾದದ್ದು ಹುಟ್ಟನ್ನೇ ಅಪರಾಧ ಎಂದ ಸರಕಾರ. ಅದರ ನಾಚಿಕೆಯನ್ನು ನಾವು ಮುಚ್ಚಿಟ್ಟು ಕಾಪಾಡಿದಂತಾಗುತ್ತದೆ. ಮುತ್ತಜ್ಜನಂತೂ ಅದನ್ನು ಮುಚ್ಚಿಡಲಿಲ್ಲ. ಬರೆದುಕೊಡುವವನಿಗೆ ತಾನಿದ್ದ ಜಾಗವನ್ನೇ ಹೇಳಿದರು, ಉತ್ತರ ಅಲ್ಲಿಗೇ ಬರಬೇಕಿತ್ತಲ್ಲ.

ಸೆಟ್ಲಮೆಂಟಿನವರನ್ನು ಗಿರಣಿಗೆ, ರೇಲ್ವೆ ಕೆಲಸಕ್ಕೆ ಕಳಿಸುತ್ತಿದ್ದುದೂ ಉಂಟು. ಹಾಗಾಗಿ ಮನೆಯ ಮಾತು ಪೂರ್ತಿ ಸುಳ್ಳಾಗಿರಬೇಕಿಲ್ಲ. ಬೆಳಿಗ್ಗೆ ಕಾರ್ಯಾಗಾರಕ್ಕೆ ಹೋಗಿ, ಸಂಜೆ ಹಾಜರಿಗೆ ಹೊತ್ತಾಗದಂತೆ ಬೇಲಿಯೊಳಗೆ ಮರಳುತ್ತಿದ್ದ ಮನುಷ್ಯ ಅವರಾಗಿರಬಹುದು.

ಮನೆಯ ಪ್ರತಿಯಲ್ಲಿ ಮುತ್ತಜ್ಜನ ಹೆಸರಿನ ಮುಂದೆ ಈಗ ಹೀಗಿದೆ: "ವಾಸ: ಸೆಟ್ಲಮೆಂಟ್, ಹುಬ್ಬಳ್ಳಿ. ಮೊದಲ ಅಕ್ಷರ ತೂತಿನಲ್ಲಿ ಹೋಗಿದೆ, ಒತ್ತಿನ ಆಧಾರದ ಓದು. ರೇಲ್ವೆಯಲ್ಲಿದ್ದರೆಂದು ಮನೆಯವರ ನೆನಪು." ಕೆಳಗೆ ನಾಲ್ಕೂ ಕಾರ್ಡುಗಳ ಫೋಟೋ ಇದೆ, ಬೇರೆಯವರು ಬೇರೆಯಾಗಿ ಓದಲು ಅನುಕೂಲವಾಗಲಿ ಎಂದು. ಆ ಪ್ರತಿ ಸದ್ಯ ಕಾಕಾರ ಟ್ರಂಕಿನಲ್ಲಿದೆ. ಯಾರಿಗೆ ತೋರಿಸಬೇಕೆಂಬುದು ಅವರಿಗೆ ಬಿಟ್ಟದ್ದು.