ಹೊತ್ತ ನೊಗ ಯಾರ ಹೆಗಲಿಗೆ?

ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಮನೆಗೆ ರೋಸ್ ಶಾಸ್ತ್ರಕ್ಕೆ ಹೋಗಿದ್ದೆ. ಮರುದಿನ ಮದುವೆ. ಚಪ್ಪರದಡಿ ಮದುಮಗ ಕುಳಿತಿದ್ದ; ತೆಂಗಿನಹಾಲಿನ ಬಟ್ಟಲು ಕೈಯಿಂದ ಕೈಗೆ ಸಾಗುತ್ತಿತ್ತು. ಅವನ ತಾಯಿ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಗಂಡ ತೀರಿದ ಮೇಲೆ ಬೀಡಿ ಕಟ್ಟಿ ಮಗನನ್ನು ಓದಿಸಿದ ತಾಯಿ. ಆಕೆ ಒಂದು ಹೆಜ್ಜೆ ಮುಂದಿಟ್ಟಾಗ ಮನೆಯ ಹಿರಿಯಜ್ಜಿ ಮೆಲ್ಲನೆ ತಡೆದರು: "ನೀನು ಕೊನೆಗೆ ಬಾ ಮಗಾ. ನನ್ನ ಮಗನ ಮದುವೆಯಲ್ಲಿ ನಾನೂ ಹೀಗೆಯೇ ಹಿಂದೆ ನಿಂತಿದ್ದೆ."

ಆ ಅಜ್ಜಿಯೂ ವಿಧವೆಯೇ. ಅವರ ದನಿಯಲ್ಲಿ ಕೋಪವಿರಲಿಲ್ಲ, ಹಗೆಯೂ ಇರಲಿಲ್ಲ. ನಾನು ಆಶೀರ್ವಾದದ ಪ್ರಾರ್ಥನೆ ಹೇಳಿ, ಊಟ ಮಾಡಿ ಹಿಂದಿರುಗಿದೆ. ಏನೂ ಹೇಳಲಿಲ್ಲ.

ಇತ್ತೀಚೆಗೆ 'ಫಣಿಯಮ್ಮ' ಚಲನಚಿತ್ರವನ್ನು ಮತ್ತೊಮ್ಮೆ ನೋಡುವಾಗ ಆ ಅಜ್ಜಿಯ ಮಾತು ನೆನಪಾಯಿತು. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ ಪ್ರೇಮಾ ಕಾರಂತರು 1983ರಲ್ಲಿ ತೆರೆಗೆ ತಂದ ಚಿತ್ರವಿದು. ಲೇಖಕಿಯ ಹಿರಿಯ ಬಂಧುವೊಬ್ಬರ ನಿಜ ಬದುಕೇ ಆ ಕಾದಂಬರಿಗೆ ಆಧಾರ. ಮಲೆನಾಡಿನ ಬ್ರಾಹ್ಮಣ ಮನೆತನದ ಫಣಿ ಆಟವಾಡುವ ವಯಸ್ಸಿನಲ್ಲೇ ಮದುವೆಯಾಗುತ್ತಾಳೆ. ಹಾವು ಕಚ್ಚಿ ಬಾಲಕ ಗಂಡ ಸಾಯುತ್ತಾನೆ. ಸಂಸಾರವೆಂದರೇನೆಂದು ತಿಳಿಯುವ ಮೊದಲೇ ಆಕೆ ವಿಧವೆ. ಮುಂದೆ ತಲೆ ಬೋಳಿಸುತ್ತಾರೆ. ಅಲ್ಲಿಂದ ಮುಂದೆ ಮುಪ್ಪಿನವರೆಗೂ ಅದೇ ಸೀರೆ, ಅದೇ ಒಪ್ಪತ್ತಿನ ಊಟ, ಎಲ್ಲರ ಮನೆಯ ಚಾಕರಿ.

ಗುರುಮಠದಲ್ಲಿದ್ದಾಗ ಮೊದಲ ಬಾರಿ ಈ ಚಿತ್ರವನ್ನು ನೋಡಿ, ಆಕೆಯ ಸಹನೆಯನ್ನು ಸಂತರ ತಪಸ್ಸಿಗೆ ಹೋಲಿಸಿ ಬರೆದಿದ್ದೆ. ಆ ಹೋಲಿಕೆಯಲ್ಲಿದ್ದ ಅಪಾಯ ಆಗ ನನಗೆ ಹೊಳೆದಿರಲಿಲ್ಲ. ಸಂತರು ವ್ರತವನ್ನು ತಾವಾಗಿ ಕೈಗೊಂಡರು. ಫಣಿಯನ್ನು ಯಾರೂ ಕೇಳಲಿಲ್ಲ. ಆಕೆ ಒಳ್ಳೆಯವಳಾಗಿ ಉಳಿದದ್ದು ಆ ಪದ್ಧತಿಯಿಂದಲ್ಲ, ಆ ಪದ್ಧತಿಯ ನಡುವೆಯೂ. ಬಲಿಯಾದವಳ ತಾಳ್ಮೆಯನ್ನು ಹೊಗಳುತ್ತ ಕುಳಿತರೆ, ಬಲಿ ಕೊಟ್ಟವರ ತಪ್ಪು ಮರೆತುಹೋಗುತ್ತದೆ.

ಫಣಿಯಮ್ಮನ ನಿಜವಾದ ಎತ್ತರ ಕಾಣುವುದು ಬೇರೆ ಕಡೆ. ಹೆರಿಗೆಯ ನೋವಿನಲ್ಲಿ ಸಾಯುವಂತಿದ್ದ ಅಸ್ಪೃಶ್ಯ ಹೆಣ್ಣಿನ ಬಳಿಗೆ ಆಕೆ ಮಡಿಯನ್ನು ಬದಿಗಿಟ್ಟು ಹೋಗುತ್ತಾಳೆ. ಮುಂದೆ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪುವುದಿಲ್ಲ. ಮನೆಯವರೆಲ್ಲ ಸಿಟ್ಟಾಗುತ್ತಾರೆ. ಜೀವನವಿಡೀ ನಿಯಮ ಪಾಲಿಸಿದ ಫಣಿಯಮ್ಮನಾದರೂ ಈ ಹುಡುಗಿಗೆ ಬುದ್ಧಿ ಹೇಳಬಹುದಿತ್ತು. "ನಾನು ಅನುಭವಿಸಲಿಲ್ಲವೇ? ನೀನೂ ಅನುಭವಿಸು" ಎನ್ನಬಹುದಿತ್ತು. ಆಕೆ ಹಾಗೆನ್ನಲಿಲ್ಲ, ಹುಡುಗಿಯ ಪರವಾಗಿ ನಿಂತಳು. ತಾನು ಹೊತ್ತ ನೊಗವನ್ನು ಇನ್ನೊಂದು ಹೆಗಲಿಗೆ ದಾಟಿಸಲಿಲ್ಲ.

ಪ್ರಿಯ ಓದುಗರೇ, ನಮ್ಮ ಕುಟುಂಬಗಳ ಬಹುಪಾಲು ದುಃಖಕ್ಕೆ ಮೂಲ ಈ ದಾಟಿಸುವಿಕೆಯಲ್ಲವೇ? ಅತ್ತೆಯಿಂದ ನೊಂದ ಸೊಸೆ ಅತ್ತೆಯಾದಾಗ ಅದನ್ನೇ ಮಾಡುತ್ತಾಳೆ. ತಂದೆಯ ಪೆಟ್ಟು ತಿಂದು ಬೆಳೆದವನು ಮಗನ ಮೇಲೆ ಕೈ ಎತ್ತುತ್ತಾನೆ. ನೋವು ನಮ್ಮನ್ನು ಮೃದುಗೊಳಿಸಬೇಕಿತ್ತು. ಅದರ ಬದಲು ಅದನ್ನು ಹಕ್ಕುಪತ್ರ ಮಾಡಿಕೊಂಡುಬಿಡುತ್ತೇವೆ.

ಹೆಂಗಸರಿಗೆ ಹೆಂಗಸರೇ ಶತ್ರು ಎಂದು ಹೇಳಿ ಗಂಡಸರು ಕೈ ತೊಳೆದುಕೊಳ್ಳುವಂತಿಲ್ಲ. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಅದಕ್ಕೆ ಸಾಕ್ಷಿ. ಸ್ವರ್ಣಕಮಲ ಪಡೆದ ಈ ಚಿತ್ರದ ನವೀಕೃತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಅದರಲ್ಲಿ ಗರ್ಭಿಣಿಯಾದ ವಿಧವೆ ಯಮುನೆಗೆ ಜೀವಂತವಿರುವಾಗಲೇ ಶ್ರಾದ್ಧ ಮಾಡುವವನು ಹೆತ್ತ ತಂದೆ. ಅವಳನ್ನು ಆ ಸ್ಥಿತಿಗೆ ತಂದ ಗಂಡಸಿಗೆ ಶಿಕ್ಷೆಯಿಲ್ಲ. ಅವಳಿಗಾಗಿ ಮರುಗುವವನು ನಾಣಿ ಎಂಬ ಪುಟ್ಟ ಹುಡುಗ. ಆದರೆ ಅವನ ಕೈಯಲ್ಲಿ ಅಧಿಕಾರವಿಲ್ಲ. ಅಧಿಕಾರವಿದ್ದವರಲ್ಲಿ ಮರುಕವಿಲ್ಲ.

ಇವೆಲ್ಲ ಬೇರೆಯವರ ಮನೆಯ ಕತೆಗಳೆಂದು ನಾವು ನಿಶ್ಚಿಂತರಾಗಬಾರದು. ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಮದುಮಗಳಿಗೆ ಚುಡೊ ಬಳೆ ತೊಡಿಸುತ್ತಾರೆ. ಗಂಡ ತೀರಿದಾಗ ಬಳೆಗಳನ್ನು ಅವನ ಶವಪೆಟ್ಟಿಗೆಯ ಮೇಲೆ ಒಡೆಯುವ ಪದ್ಧತಿ ಹಿಂದೆ ಇತ್ತು. ಜ್ಞಾನಸ್ನಾನ ಪಡೆದ ನಾವೂ ವಿಧವೆಯ ಕೈಯನ್ನು ಬರಿದು ಮಾಡಿದವರೇ. ನಾಯಿನ್ ಊರಿನ ವಿಧವೆಯನ್ನು ಕಂಡು ಯೇಸುಸ್ವಾಮಿ ಅಪಶಕುನವೆಂದು ಸರಿದು ನಿಲ್ಲಲಿಲ್ಲ. ಕನಿಕರಗೊಂಡು ಚಟ್ಟವನ್ನು ಮುಟ್ಟಿದರು. ಇತರರ ಹೆಗಲಿಗೆ ಭಾರ ಹೇರಿ ತಾವು ಬೆರಳೂ ಸೋಕಿಸದ ಧರ್ಮಶಾಸ್ತ್ರಿಗಳನ್ನು ಅವರು ಖಂಡಿಸಿದರು. ಶಿಲುಬೆಯನ್ನು ಹೊತ್ತು ಬನ್ನಿ ಎಂದು ಕರೆದರೇ ಹೊರತು, ಪಕ್ಕದವರ ಮೇಲೆ ಹೊರಿಸಿರೆಂದು ಎಂದೂ ಹೇಳಲಿಲ್ಲ.

ಹಾಗಾದರೆ ಸಂಪ್ರದಾಯಗಳೆಲ್ಲ ಬೇಡವೇ? ಹಾಗಲ್ಲ. ವಿಶ್ವಾಸ ನಮಗೆ ಬಂದದ್ದೂ ಸಂಪ್ರದಾಯದಿಂದಲೇ. ಲ್ಯಾಟಿನ್ ಭಾಷೆಯಲ್ಲಿ ಸಂಪ್ರದಾಯವೆಂಬ ಪದದ ಮೂಲ ಕ್ರಿಯಾಪದಕ್ಕೆ 'ಒಬ್ಬರ ಕೈಗೆ ಒಪ್ಪಿಸು' ಎಂದು ಅರ್ಥ. ಯೂದನು ಯೇಸುವನ್ನು ವೈರಿಗಳಿಗೆ ಹಿಡಿದುಕೊಟ್ಟದ್ದಕ್ಕೂ ಲ್ಯಾಟಿನ್ ಬೈಬಲಿನಲ್ಲಿ ಅದೇ ಕ್ರಿಯಾಪದ. ಮುಂದಿನವರ ಕೈಗೆ ನಾವು ಪ್ರೀತಿಯನ್ನು ಒಪ್ಪಿಸುತ್ತಿದ್ದೇವೆಯೇ, ಅಥವಾ ಮುಂದಿನವರನ್ನೇ ನೋವಿನ ಕೈಗೆ ಒಪ್ಪಿಸುತ್ತಿದ್ದೇವೆಯೇ? ಪ್ರತಿಯೊಂದು ಪದ್ಧತಿಯನ್ನೂ ಕೇಳಬೇಕಾದ ಪ್ರಶ್ನೆಯಿದು.

ಅಂದು ರೋಸ್‌ನ ಚಪ್ಪರದಲ್ಲಿ ಆ ಅಜ್ಜಿ "ನಾನು ಹಿಂದೆ ನಿಂತದ್ದು ಸಾಕು, ನೀನು ಮುಂದೆ ಬಾ" ಎಂದಿದ್ದರೆ, ನನ್ನ ಹತ್ತು ಪ್ರಸಂಗಗಳಿಗಿಂತ ಅದು ದೊಡ್ಡ ಬೋಧನೆಯಾಗುತ್ತಿತ್ತು. ನೊಂದವರು ಸಾಕೆಂದಾಗ ಆ ಮಾತಿಗೆ ಬರುವ ತೂಕ ಬೇರೆ ಯಾರ ಮಾತಿಗೂ ಬರುವುದಿಲ್ಲ. ಆದರೆ ಅದನ್ನು ಅವರಿಗೇ ಬಿಟ್ಟು ಸುಮ್ಮನೆ ಕುಳಿತದ್ದು ನನ್ನ ತಪ್ಪು. ಮುಂದಿನ ಸಲ ಪ್ರಾರ್ಥನೆ ಹೇಳುವ ಮೊದಲು ನಾನೇ ಅಡುಗೆಮನೆಯ ಬಾಗಿಲಿಗೆ ಹೋಗಿ ತಾಯಿಯನ್ನು ಕರೆಯುತ್ತೇನೆ. ಆ ಹೊತ್ತಿಗೆ ನೀವೇ ಕರೆದಿದ್ದರೆ ನನಗೆ ಇನ್ನೂ ಸಂತೋಷ.