ಹದ್ದಿನ ಊಟ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮಗಳು ಊರಿಗೆ ಬರಲೊಲ್ಲೆನೆಂದಳು. ಮೇ ತಿಂಗಳೆಂದರೆ ದೆಹಲಿಯ ಕನ್ನಡಿಗರೆಲ್ಲ ರೈಲಿನ ಟಿಕೇಟಿಗಾಗಿ ಪರದಾಡುವ ಕಾಲ. ನಾವು ಕೈಗೆ ಬಂದಿದ್ದ ಟಿಕೇಟುಗಳನ್ನು ರದ್ದು ಮಾಡಿಸಿದೆವು. ಬಿ.ಎಸ್ಸಿ. ಎರಡನೆಯ ವರ್ಷ ಮುಗಿಸಿದ ಹುಡುಗಿ, ಗಾಯಗೊಂಡ ಕಾಡುಪ್ರಾಣಿ, ಹಕ್ಕಿಗಳನ್ನು ಉಪಚರಿಸುವ ಕೇಂದ್ರವೊಂದರಲ್ಲಿ ಆರು ವಾರ ಸಂಬಳವಿಲ್ಲದೆ ದುಡಿಯಲು ಹೆಸರು ಕೊಟ್ಟು ಬಂದಿದ್ದಳು. ಅವಳೊಬ್ಬಳನ್ನೇ ಬಿಟ್ಟು ಹೋಗುವುದು ಹೇಗೆ? ನಾವೂ ಉಳಿದೆವು. ನಮ್ಮೊಡನೆ ಧಾರವಾಡದ ಅಜ್ಜಿಯೂ ದೆಹಲಿಯ ಧಗೆಯಲ್ಲಿ ಬೇಯಬೇಕಾಯಿತು.

ಆ ಕೆಲಸದ ಬಗ್ಗೆ ನಮಗಿದ್ದ ಕಲ್ಪನೆಯೇ ಬೇರೆ. ಜಿಂಕೆಮರಿಗೆ ಸೀಸೆಯಲ್ಲಿ ಹಾಲು ಕುಡಿಸುವ ಚಿತ್ರ ಕಣ್ಣ ಮುಂದಿತ್ತು. ಅಲ್ಲಿಗೆ ಬರುವ ರೋಗಿಗಳಲ್ಲಿ ಬಹುಪಾಲು ಹದ್ದುಗಳೆಂದು ತಿಳಿದಾಗ ಸ್ವಲ್ಪ ನಿರಾಸೆಯಾದದ್ದು ನಿಜ. ಕಂಡರೆ ಕೈಮುಗಿಯುವ ಬಿಳಿ ಎದೆಯ ಗರುಡನಲ್ಲ. ಕಸದ ಗುಡ್ಡೆಯ ಮೇಲೆ ಸುತ್ತುವ ಕಂದು ಬಣ್ಣದ ಮಾಮೂಲಿ ಹದ್ದು. ಗಾಳಿಪಟದ ಭರಾಟೆ ಇಲ್ಲಿ ಆಗಸ್ಟ್ 15ರ ಸುತ್ತಮುತ್ತ. ಆದರೆ ಮರಗಳಿಗೂ ತಂತಿಗಳಿಗೂ ಸುತ್ತಿಕೊಂಡ ಮಾಂಜಾ ದಾರ ವರ್ಷವಿಡೀ ಕಾದು ಕುಳಿತಿರುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿಯೇ ದೇಶದಾದ್ಯಂತ ನಿಷೇಧಿಸಿತು. ಅದು ಎಲ್ಲ ಅಂಗಡಿಗಳವರೆಗೆ ಇನ್ನೂ ತಲುಪಿದಂತಿಲ್ಲ. ಆ ದಾರ ರೆಕ್ಕೆಯ ಮುಂಭಾಗದ ತೆಳು ಚರ್ಮವನ್ನೂ ಒಳಗಿನ ನರವನ್ನೂ ಕುಯ್ದುಬಿಟ್ಟರೆ ಹಕ್ಕಿ ಬದುಕಿಕೊಂಡರೂ ಹಾರಲಾರದು. ಇನ್ನು ಬಿಸಿಲಿಗೆ ಬಸವಳಿದು ಬೀಳುವವು, ಗೂಡಿನಿಂದ ಜಾರಿದ ಮರಿಗಳು ಬೇರೆ.

ಮೊದಲ ವಾರ ಪಂಜರ ತೊಳೆದಳು, ಕೆಳಗೆ ಹಾಸಿದ ಹಳೆಯ ಪತ್ರಿಕೆಗಳನ್ನು ಬದಲಾಯಿಸಿದಳು. ಎಂಟನೆಯ ದಿನ ಕೈಗೆ ಚಾಕು ಕೊಟ್ಟು, ಕೋಳಿಯ ಮಾಂಸವನ್ನು ಸಣ್ಣಗೆ ಹೆಚ್ಚಲು ಹೇಳಿದರು. ಮೊಟ್ಟೆಯನ್ನೂ ಒಳಗೆ ತರದ ಮನೆ ನಮ್ಮದು. ಆ ರಾತ್ರಿ ಹುಡುಗಿ ಉಣ್ಣಲಿಲ್ಲ. ಮರುದಿನ ಮತ್ತೆ ಹೋದಳು. ಬರಿಯ ಮೆತ್ತನೆಯ ಮಾಂಸ ಸಾಲದು, ಮರಿಗಳಿಗೆ ಮೂಳೆಯೂ ಬೇಕು, ಇಲ್ಲದಿದ್ದರೆ ಸುಣ್ಣದ ಅಂಶ ಕಡಿಮೆಯಾಗಿ ಎಲುಬು ಬಾಗುತ್ತವೆ ಎಂದು ಕೆಲವೇ ದಿನಗಳಲ್ಲಿ ನಮಗೇ ಪಾಠ ಹೇಳತೊಡಗಿದಳು. ಅದೂ ಊಟದ ಹೊತ್ತಿನಲ್ಲಿ!

ಅಜ್ಜಿ ಒಂದು ದಿನ ಕೇಳಿಯೇಬಿಟ್ಟರು: "ಅಲ್ಲವಾ, ಹದ್ದಿನ ಜೀವಾ ಉಳಸಲಿಕ್ಕೆ ಕೋಳಿ ಜೀವಾ ತಗೊಳ್ಳೂದು, ಇದು ಎಂಥಾ ದಯಾ?"

"ಅದಕ್ಕ ಅನ್ನಾ ಸಾರು ಹಾಕಿದ್ರ ಸಾಯ್ತದ, ಅಜ್ಜಿ."

ಇಬ್ಬರ ಮಾತೂ ನಿಜ. ನಮಗೆ ಯಾರ ಪಕ್ಷವನ್ನು ವಹಿಸುವುದೆಂದು ತೋಚಲಿಲ್ಲ.

ಈ ನಗರಕ್ಕೆ ಈ ಪ್ರಶ್ನೆ ಹೊಸದಲ್ಲ. ಕೆಂಪು ಕೋಟೆಯ ಎದುರಿಗೆ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಹಕ್ಕಿಗಳ ಧರ್ಮಾಸ್ಪತ್ರೆಯಿದೆ. ಊರಿನಿಂದ ಬಂದ ನೆಂಟರಿಗೆ ಅದನ್ನು ತೋರಿಸಿದವರು ನಮ್ಮಲ್ಲಿ ಅನೇಕರಿರಬೇಕು. ಪಾರಿವಾಳ, ಗಿಳಿಗಳಿಗೆ ಅಲ್ಲಿ ಪುಕ್ಕಟೆ ಶುಶ್ರೂಷೆ. ಮಾಂಸ ತಿನ್ನುವ ಹಕ್ಕಿಯನ್ನು ಮಾತ್ರ ಒಳರೋಗಿಯಾಗಿ ಇಟ್ಟುಕೊಳ್ಳುವ ಪದ್ಧತಿಯಿಲ್ಲ. ಗಾಯಗೊಂಡ ಹದ್ದನ್ನು ಒಯ್ದು, ಈ ಕಾರಣದಿಂದ ಹಿಂದಿರುಗಬೇಕಾಗಿ ಬಂದ ನದೀಮ್ ಮತ್ತು ಸೌದ್ ಎಂಬ ಸಹೋದರರು ಮುಂದೆ ವಜೀರಾಬಾದಿನ ತಮ್ಮ ಮನೆಯ ನೆಲಮಾಳಿಗೆಯಲ್ಲಿಯೇ ಹದ್ದುಗಳಿಗೆ ಚಿಕಿತ್ಸೆ ಆರಂಭಿಸಿದರು. ಅವರನ್ನು ಕುರಿತು ಶೌನಕ್ ಸೇನ್ ತೆಗೆದ 'ಆಲ್ ದಟ್ ಬ್ರೀದ್ಸ್' ಎಂಬ ಸಾಕ್ಷ್ಯಚಿತ್ರಕ್ಕೆ 2022ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು. ಹಳೆ ದೆಹಲಿಯ ಮುಸಲ್ಮಾನರಲ್ಲಿ ಹದ್ದುಗಳಿಗೆ ಮಾಂಸದ ಚೂರು ಎಸೆಯುವುದು ಪುಣ್ಯದ ಕೆಲಸವೇ. ಆಸ್ಪತ್ರೆಯವರನ್ನು ನಾವು ಆಕ್ಷೇಪಿಸಲಾರೆವು. ವ್ರತವನ್ನು ಇಟ್ಟುಕೊಂಡವರು ಅದನ್ನು ನಡೆಸಲೇಬೇಕು. ಆದರೆ ಆ ಬಾಗಿಲಲ್ಲಿ ಹಿಂದಿರುಗಿದ ಹದ್ದು ಏನಾಗಬೇಕೆಂಬ ಪ್ರಶ್ನೆ ಬಾಗಿಲ ಹೊರಗೆ ಉಳಿದೇ ಇರುತ್ತದೆ.

ಅಜ್ಜಿಯೇ ಒಂದು ರಾತ್ರಿ ಶಿಬಿ ಚಕ್ರವರ್ತಿಯ ಕಥೆ ತೆಗೆದರು. ಚಿಕ್ಕಂದಿನಿಂದ ನಾವು ಅದನ್ನು ಪಾರಿವಾಳದ ಕಥೆಯೆಂದೇ ಕೇಳಿದ್ದೇವೆ. ಈ ಸಲ ಗಮನವೆಲ್ಲ ಗಿಡುಗನ ಕಡೆಗೇ ಹೋಯಿತು. ಹಸಿದ ತನ್ನ ಆಹಾರವನ್ನು ಕಸಿದುಕೊಳ್ಳುವುದು ಯಾವ ಧರ್ಮವೆಂದು ಅದು ಕೇಳುತ್ತದೆ. ಅರಸ ಅದಕ್ಕೆ ಕಾಳು ತಿನ್ನೆಂದು ಉಪದೇಶಿಸುವುದಿಲ್ಲ, ಮಾಂಸ ತಿನ್ನುವ ಪಾಪಿಯೆಂದು ಜರಿಯುವುದೂ ಇಲ್ಲ; ಅದರ ಹಸಿವು ನ್ಯಾಯವಾದದ್ದೆಂದು ಒಪ್ಪಿಕೊಳ್ಳುತ್ತಾನೆ. ಮಹಾಭಾರತದ ವನಪರ್ವದಲ್ಲಿ ಇನ್ನೊಂದು ಸಂಗತಿಯಿದೆ; ಮಕ್ಕಳಿಗೆ ಹೇಳುವಾಗ ನಾವು ಅದನ್ನು ಬಿಟ್ಟುಬಿಡುತ್ತೇವೆ. ಅರಸ ಮೊದಲಿಗೇ ತೊಡೆ ಕೊಯ್ದು ಕೊಡುವುದಿಲ್ಲ. ಬೇರೆ ಪ್ರಾಣಿಗಳ ಮಾಂಸವನ್ನು ಕೊಡಿಸುವೆನೆಂದು ಹೇಳಿ ನೋಡುತ್ತಾನೆ. ಗಿಡುಗ ಒಪ್ಪುವುದಿಲ್ಲ. ಆಮೇಲೆ ತಕ್ಕಡಿ ಬರುತ್ತದೆ.

ನಾವು ಅರಸನ ಆ ಮೊದಲ ಮಾತಿಗೇ ನಿಂತವರು. ಹದ್ದಿನ ತಕ್ಕಡಿಯಲ್ಲಿ ನಾವು ಇಡುವುದು ಕೋಳಿಯನ್ನು, ಅತ್ತೆಯ ಧನವನ್ನು ಅಳಿಯ ದಾನ ಮಾಡಿದಂತೆ. ಆ ಕೋಳಿಗೆ ಶರಣು ಹೋಗಲು ಯಾವ ಅರಸನ ತೊಡೆಯೂ ಇಲ್ಲ. ಹೇಗೂ ಅಂಗಡಿಯಲ್ಲಿ ಸತ್ತು ತೂಗುತ್ತಿತ್ತಲ್ಲ ಎನ್ನುವುದು ಸಮಾಧಾನದ ಮಾತಷ್ಟೆ. ಕೊಳ್ಳುವವರಿದ್ದರೆ ತಾನೇ ತೂಗುಹಾಕುವವರು. ದಾರ ಬಿಟ್ಟವರು ಮನುಷ್ಯರು, ಆದ್ದರಿಂದ ಹದ್ದನ್ನು ಉಳಿಸುವುದು ದಾನವಲ್ಲ, ಸಾಲ ತೀರಿಸುವುದು ಎಂದು ಮಗಳು ವಾದಿಸಿದಳು. ಅದು ಸರಿಯಾಗಿಯೇ ಕಂಡಿತು. ಆದರೆ ಸಾಲ ಮಾಡಿದವರು ನಾವು, ತೀರಿಸುತ್ತಿರುವುದು ಕೋಳಿ.

ಹಾಗೆಂದ ಮಾತ್ರಕ್ಕೆ ಕೈತೊಳೆದುಕೊಂಡು ಕುಳಿತರೆ ಶುದ್ಧರಾಗುತ್ತೇವೆಯೇ? ನೆಲಕ್ಕೆ ಬಿದ್ದ ಹದ್ದನ್ನು ಕಂಡೂ ಎತ್ತಿಕೊಳ್ಳದಿದ್ದರೆ ಸಾವು ನಮ್ಮ ಕಣ್ಣಿನಿಂದ ಮರೆಯಾದೀತು, ಇಲ್ಲವಾಗುವುದಿಲ್ಲ. ನಮ್ಮ ಮನೆಗೆ ದಿನಾ ಬೆಳಗ್ಗೆ ಬರುವ ಹಾಲಿನ ಹಿಂದೆ ಎಷ್ಟು ಗಂಡುಕರುಗಳಿದ್ದವು, ಅವು ಎಲ್ಲಿ ಹೋದವು ಎಂದು ಯಾರಾದರೂ ಕೇಳಿದರೆ ನಾವು ತಡವರಿಸಬೇಕಾಗುತ್ತದೆ. ನಮಗೆ ತೋರುವುದಿಷ್ಟು: ಎತ್ತಿಕೊಂಡ ಮೇಲೆ ಹದ್ದನ್ನು ಹದ್ದಾಗಿಯೇ ಸಾಕಬೇಕು, ನಮ್ಮಂತೆ ಮಾಡಿಕೊಂಡಲ್ಲ. ಮತ್ತು ಅದರ ಪುಣ್ಯವನ್ನು ನಮ್ಮ ಖಾತೆಗೆ ಬರೆದುಕೊಳ್ಳಬಾರದು.

ಆ ಕೇಂದ್ರದವರು ಈ ಎರಡನೆಯದನ್ನು ಬಾಯಲ್ಲಿ ಹೇಳದೆಯೇ ಕಲಿಸುತ್ತಾರೆ. ಮರಿಗೆ ಉಣಿಸುವಾಗ ಮಾತನಾಡಬಾರದು, ತಲೆ ಸವರಬಾರದು, ಹೆಸರಿಡಬಾರದು. ಮನುಷ್ಯರ ಕೈಗೆ ಒಗ್ಗಿದ ಮರಿ ನಾಳೆ ಯಾರದೋ ಮಾಳಿಗೆಗೆ ಇಳಿದು ಬಾಯಿ ತೆರೆದು ಕೂಗುತ್ತದೆ. ಅಲ್ಲಿ ಕಲ್ಲೇಟು ಬಿದ್ದೀತು. ಮಗಳು ಒಂದು ಮರಿಗೆ ಗುಟ್ಟಾಗಿ ಹೆಸರಿಟ್ಟಿದ್ದಳು. ಅದು ಜೂನ್ ಕೊನೆಯಲ್ಲಿ ಹಾರಿಹೋದಾಗ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲವಂತೆ. "ಹಾಗೇ ಆಗ್ಬೇಕು" ಎಂದಳು, ಆದರೆ ಮುಖ ಸಪ್ಪಗಿತ್ತು.

ಅದಕ್ಕೂ ಮುಂಚೆ ಆ ಮರಿ ಮೂರು ದಿನ ಏನೂ ಮುಟ್ಟದೆ ಕುಳಿತಿತ್ತು. ಮಾಂಸದ ಮಾತು ಬಂದರೆ ಎದ್ದು ದೇವರ ಮನೆಗೆ ಹೋಗುತ್ತಿದ್ದ ಅಜ್ಜಿ, ಹುಡುಗಿ ಸ್ನಾನ ಮುಗಿಸಿ ಹೊರಬರುವುದನ್ನೇ ಕಾದು ಸಂಜೆ ಸಂಜೆ ಕೇಳುತ್ತಿದ್ದರು: "ಇವತ್ತರೆ ತಿಂತೇನ ಅದು?" ನಾಲ್ಕನೆಯ ದಿನ ತಿಂದಿತೆಂದು ತಿಳಿದಾಗ ಮಾತಾಡದೆ ಒಳಗೆ ಹೋಗಿ ಅವಳಿಗೆ ತಟ್ಟೆ ಹಾಕಿದರು. ಕೋಳಿಯ ಪ್ರಶ್ನೆಯನ್ನು ಮಾತ್ರ ಅವರು ಇನ್ನೂ ಬಿಟ್ಟಿಲ್ಲ.