ಮೂಲಸಭೆ ಯಾವದು?



ಬೇರೆ ಬೇರೆ ಸಭೆಗಳವರು ಸಂತೆಯಲ್ಲಿಯೋ ಮದುವೆಮನೆಯಲ್ಲಿಯೋ ಕೂಡಿದರೆ, ನಮ್ಮದೇ ಅಪೊಸ್ತಲರಿಂದ ಬಂದ ಮೂಲಸಭೆ, ನಿಮ್ಮದು ನಿನ್ನೆಯದು ಎಂಬ ವಾದವು ಏಳುವದುಂಟು. ಆದಿಸಭೆಗಳಲ್ಲಿ ಯಾವದು ಕ್ರಿಸ್ತನ ಮಾರ್ಗವನ್ನು ಚೆನ್ನಾಗಿ ತೋರಿಸಿತೆಂದು ವೇದಪುಸ್ತಕದಿಂದಲೇ ವಿಚಾರಿಸೋಣ.

ಕಾಲದಲ್ಲಿ ಯೆರೂಸಲೇಮಿನ ಸಭೆಯೇ ಮೊದಲನೆಯದು. ಅಲ್ಲಿ ಆಸ್ತಿಯನ್ನು ಮಾರಿದ ಹಣವು ಬಡವರ ಕೊರತೆಗೆ ಒದಗುತ್ತಿತ್ತು. ಆದರೂ ಸ್ವಲ್ಪ ಕಾಲದಲ್ಲಿಯೇ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಆಹಾರ ಹಂಚುವದರಲ್ಲಿ ಉಪೇಕ್ಷೆಯಾಯಿತು. ಅದನ್ನು ಸರಿಪಡಿಸುವದಕ್ಕೆ ಏಳು ಮಂದಿಯನ್ನು ಆರಿಸಬೇಕಾಯಿತು. ಕೊರಿಂಥದವರಿಗೆ ಆತ್ಮವರಗಳು ಹೇರಳವಾಗಿದ್ದವು. ಕರ್ತನ ಭೋಜನದಲ್ಲಿ ಮಾತ್ರ ಉಳ್ಳವರು ಮೊದಲೇ ಉಂಡು ಮತ್ತರಾದರು, ಇಲ್ಲದವರು ಹಸಿದೇ ಕುಳಿತರು.

ನಮ್ಮ ಮನಸ್ಸು ಅಂತಿಯೋಕ್ಯದ ಕಡೆಗೆ ಒಲಿಯುತ್ತದೆ. ಸಿರಿಯ ಸೀಮೆಯ ಆ ಮಹಾಪಟ್ಟಣಕ್ಕೆ ರೋಮ್ ಸಾಮ್ರಾಜ್ಯದಲ್ಲಿ ಮೂರನೆಯ ಸ್ಥಾನವಿತ್ತು. ಸ್ತೆಫನನ ಮರಣದ ತರುವಾಯ ಚದರಿದವರಲ್ಲಿ ಕುಪ್ರ ಮತ್ತು ಕುರೇನೆ ಸೀಮೆಗಳ ಕೆಲವರು ಅಲ್ಲಿಗೆ ಬಂದು ಗ್ರೀಕರಿಗೂ ಸುವಾರ್ತೆಯನ್ನು ಹೇಳಿದರು. ಅವರ ಹೆಸರುಗಳನ್ನು ಲೂಕನು ಬರೆದಿಲ್ಲ. ಹೆಸರಿಲ್ಲದ ಉಪದೇಶಿಗಳಿಂದಾದ ಸಭೆಯೆಂಬದು ನಮ್ಮಂಥವರಿಗೆ ಎಷ್ಟೋ ಸಮಾಧಾನ. ಅಲ್ಲಿಯ ಬೋಧಕರಲ್ಲಿ ಉಪರಾಜನಾದ ಹೆರೋದನೊಡನೆ ಬೆಳೆದ ಮೆನಹೇನನೂ, ಕರಿಯನೆಂಬ ಅಡ್ಡಹೆಸರುಳ್ಳ ಸಿಮೆಯೋನನೂ ಒಟ್ಟಿಗಿದ್ದರು. ಕ್ಲೌದ್ಯ ಚಕ್ರವರ್ತಿಯ ಆಳಿಕೆಯಲ್ಲಿ (ಕ್ರಿ.ಶ. 41–54) ಬರಗಾಲ ಬಂದಾಗ ಯೂದಾಯದ ಸಹೋದರರಿಗೆ ಸಹಾಯ ಕಳುಹಿಸಿದ್ದು ಈ ಸಭೆಯೇ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದೂ ಅಲ್ಲಿಯೇ. ಯೆಹೂದ್ಯರೂ ಅನ್ಯಜನರೂ ಒಂದೇ ಪಂಕ್ತಿಯಲ್ಲಿ ಉಣ್ಣುವಾಗ ಅವರನ್ನು ಯಾವ ಕುಲದವರೆಂದು ಕರೆಯಬೇಕು? ಹಳೆಯ ಹೆಸರು ಯಾವದೂ ಹೊಂದದೆ ಹೋದದರಿಂದಲೇ ಹೊಸದು ಹುಟ್ಟಿತೆಂದು ನಾವು ನೆನಸುತ್ತೇವೆ.

ಅಂತಿಯೋಕ್ಯದ ಪಾತ್ರಿಯಾರ್ಕರೆಂಬ ಬಿರುದು ಇಂದಿಗೂ ಐದು ಸಭೆಗಳ ಮಹಾಧ್ಯಕ್ಷರಿಗುಂಟು. ಒಬ್ಬರ ಪೀಠವೂ ಆ ಊರಲ್ಲಿಲ್ಲ. ತುರ್ಕಿ ದೇಶಕ್ಕೆ ಸೇರಿದ ಆ ಪಟ್ಟಣವು 2023ರ ಫೆಬ್ರವರಿಯ ಭೂಕಂಪದಲ್ಲಿ ಬಹಳವಾಗಿ ಹಾಳಾಯಿತು. ಬಿರುದಿನಿಂದಾಗಲಿ ಕಟ್ಟಡದಿಂದಾಗಲಿ ವಾದವು ತೀರುವದಿಲ್ಲ. ಪಂಕ್ತಿಯನ್ನೇ ನೋಡಬೇಕು.

ಆ ಪಂಕ್ತಿಯೂ ಒಂದು ದಿನ ಮುರಿಯಿತು! ಅನ್ಯಜನರೊಡನೆ ಉಣ್ಣುತ್ತಿದ್ದ ಪೇತ್ರನು, ಯಾಕೋಬನ ಕಡೆಯಿಂದ ಕೆಲವರು ಬಂದೊಡನೆ, ಅವರಿಗೆ ಅಂಜಿ ಹಿಂದೆಗೆದು ಬೇರೆಯಾದನು. ಬಾರ್ನಬನಂಥವನೂ ಆ ಕಪಟದ ಸೆಳವಿಗೆ ಸಿಕ್ಕಿದನು. ಪೌಲನು ಅಪೊಸ್ತಲನೆಂದು ದಾಕ್ಷಿಣ್ಯ ನೋಡದೆ ಎಲ್ಲರ ಮುಂದೆ ಪೇತ್ರನನ್ನು ಖಂಡಿಸಿದನು. ಪೇತ್ರನು ಕೊಟ್ಟ ಉತ್ತರವು ಗಲಾತ್ಯದವರ ಪತ್ರಿಕೆಯಲ್ಲಿಲ್ಲ.

ನಮ್ಮ ಊರುಗಳಲ್ಲಿ ಬಂದವರ ಹಿಂದಿನ ಜಾತಿಯನ್ನು ಕೇಳಿ ಎಲೆ ಹಾಕುವವರು ಇನ್ನೂ ಇದ್ದಾರಲ್ಲವೇ? ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿದವರು ಗುಡಿಯ ಬಾಗಲು ದಾಟಿದ ಮೇಲೆ ಎರಡು ಪಂಕ್ತಿಯಾಗುವದು ಹೇಗೆ? ಬರುವ ಬೆಳೆಹಬ್ಬದ ಊಟಕ್ಕೆ ಎಲೆಗಳನ್ನು ಎಷ್ಟು ಸಾಲಾಗಿ ಹಾಕಬೇಕೆಂಬದನ್ನು ಸಭೆಯ ಹಿರಿಯರು ಮುಂಚಿತವಾಗಿಯೇ ಕೂತು ಗೊತ್ತುಮಾಡಿಕೊಳ್ಳಲಿ.